ಚಿನ್ನದ ಲೈಸೆನ್ಸ್ ಮತ್ತು ಅಂಗಡಿಯ ವಿಳಾಸ

ಮುಂಬೈಯಲ್ಲಿ ಕಾನೂನು ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಗಿದೆ, ಸುಮ್ನೆ ಯಾಕೆ ಓದಬೇಕು ಅಂತ ಬಿಡಬೇಡಿ. ವ್ಯಾಪಾರದ ಸ್ವಾತಂತ್ರ್ಯಕ್ಕೆ ಸರ್ಕಾರ ಎಷ್ಟು ಬೇಲಿ ಹಾಕಬಹುದು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಹಿನ್ನೆಲೆ ಚಿಕ್ಕದು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಅರ್ಥಮಂತ್ರಿಯಾಗಿದ್ದಾಗ ನಿಯಂತ್ರಣ ಮೊದಲು ನಿಯಮಗಳ ರೂಪದಲ್ಲಿ ಬಂತು, ಕಾಯ್ದೆ ಆಮೇಲೆ. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿರಲಿಲ್ಲ. ಎಷ್ಟೋ ಅಕ್ಕಸಾಲಿಗರ ಕುಟುಂಬಗಳು ಕೆಲಸವಿಲ್ಲದೆ ಕಂಗೆಟ್ಟವು. ಈ ನೋವನ್ನು ಮರೆತು ಬರೀ ಕಲಂ ಓದಿದರೆ ಕಾಯ್ದೆ ಅರ್ಧವೇ ಅರ್ಥವಾಗುತ್ತದೆ.

ಈಗ ಕಾಯ್ದೆಯ 27ನೇ ಕಲಂ, ಅಂದರೆ ಚಿನ್ನದ ವ್ಯಾಪಾರಿಗಳ ಲೈಸೆನ್ಸ್. ಇಲ್ಲಿ ಎರಡು ಪ್ರಶ್ನೆಗಳಿವೆ, ಬೆರೆಸಬೇಡಿ. ಲೈಸೆನ್ಸ್ ಸಿಕ್ಕವನು ಎಲ್ಲಿ ವ್ಯಾಪಾರ ಮಾಡಬಹುದಿತ್ತು? ಲೈಸೆನ್ಸಿನಲ್ಲಿ ಬರೆದ ಜಾಗದಲ್ಲಿ ಮಾತ್ರ. ಜವೇರಿ ಬಜಾರಿನಲ್ಲಿ, ಮುಂಬಾದೇವಿ ಗುಡಿಯ ಹತ್ತಿರ ಒಬ್ಬರ ಅಂಗಡಿ ಇದೆ ಅಂದುಕೊಳ್ಳಿ. ಅವರು ಮಾಟುಂಗಾದ ಮನೆಯಲ್ಲಿ ಕೂತು ಮದುವೆಯವರಿಗೆ ಬಳೆ ಮಾರಿದರು. ಲೈಸೆನ್ಸ್ ಅಸಲಿ, ಚಿನ್ನವೂ ಲೆಕ್ಕದಲ್ಲಿದೆ. ಆದರೂ ತಪ್ಪು, ಯಾಕೆಂದರೆ ಮನೆಯ ವಿಳಾಸ ಲೈಸೆನ್ಸಿನಲ್ಲಿಲ್ಲ. ಅಧಿಕಾರಿ ಬಂದಾಗ ಅಂಗಡಿಯ ದಾಸ್ತಾನು ಪುಸ್ತಕದ ಲೆಕ್ಕಕ್ಕೆ ತಾಳೆಯಾಗಬೇಕು. ಮಾರಾಟ ನಾಲ್ಕು ಕಡೆ ಹರಡಿದರೆ ತಾಳೆ ನೋಡುವುದು ಹೇಗೆ? ಈ ನಿಯಮ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಎರಡನೆಯದು: ಹೊಸಬನಿಗೆ ಲೈಸೆನ್ಸ್ ಕೊಡಬೇಕೋ ಬೇಡವೋ? ಆ ಪ್ರದೇಶದಲ್ಲಿ ಈಗಾಗಲೇ ಎಷ್ಟು ವ್ಯಾಪಾರಿಗಳಿದ್ದಾರೆ, ಒಡವೆಗೆ ಎಷ್ಟು ಬೇಡಿಕೆ ಬರಬಹುದು ಎಂದು ಅಧಿಕಾರಿ ನೋಡಬೇಕಿತ್ತು. ಆದರೆ ಪ್ರದೇಶ ಎಂದರೆ ಕಾಲ್ಬಾದೇವಿಯೋ, ಇಡೀ ಮುಂಬೈಯೋ? ಕಾಯ್ದೆ ಹೇಳಲಿಲ್ಲ. ಹರಕ್‌ಚಂದ್ ಬಾಂಠಿಯಾ ಪ್ರಕರಣದಲ್ಲಿ, 1969ರಲ್ಲಿ, ಸುಪ್ರೀಂ ಕೋರ್ಟ್ ಈ ಮಾತುಗಳಿದ್ದ 27ನೇ ಕಲಮಿನ 6ನೇ ಉಪಕಲಮನ್ನು ಹೊಡೆದುಹಾಕಿತು. ಇಷ್ಟು ಅಸ್ಪಷ್ಟ ಮಾತಿನ ಮೇಲೆ ಒಬ್ಬರ ಹೊಟ್ಟೆಪಾಡು ನಿಲ್ಲಬಾರದು, ಅಲ್ವಾ? ತೀರ್ಪಿನ ಈ ಭಾಗವನ್ನು ಪೂರ್ತಿ ಓದಿ. ವ್ಯಾಪಾರದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಜಿ) ವಿಧಿಯ ಪ್ರಶ್ನೆ ಬಂದರೆ ಇದೇ ಉದಾಹರಣೆ ಕೊಡಿ.

1990ರ ಜೂನ್‌ನಲ್ಲಿ ಕಾಯ್ದೆ ರದ್ದಾಯಿತು. ಈಗ ಆ ಲೈಸೆನ್ಸ್ ಇಲ್ಲ. ಆದರೆ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಇರುವ ಒಡವೆ ಮಾರಲು ಬೇಕಾದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯಲ್ಲೂ ಮಳಿಗೆಯ ವಿಳಾಸವೇ ಮುಖ್ಯ. ಜಿಎಸ್‌ಟಿ ಪ್ರಮಾಣಪತ್ರವನ್ನೂ ನೋಂದಾಯಿಸಿದ ಪ್ರತಿ ಜಾಗದಲ್ಲಿ ಎದ್ದುಕಾಣುವಂತೆ ಹಾಕಬೇಕು. ಮುಂದಿನ ಸಲ ಚಿನ್ನದಂಗಡಿಗೆ ಹೋದಾಗ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ, ಅದರಲ್ಲಿರುವ ವಿಳಾಸ ಓದಿ.