ಕಂಡಿಯ ಗಾಳಿ, ಯಂತ್ರಗಳ ಸಾಲು: ಪಾಲಕ್ಕಾಡ್ ಮತ್ತು ಆರಲ್ವಾಯ್‌ಮೊಳಿ ಟಿಪ್ಪಣಿ

ಬೆಟ್ಟಸಾಲು ಕಡಿದು ಕಂಡಿ ಬಿದ್ದಲ್ಲಿ ಗಾಳಿ ಜೋರಾಗಿರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಏಕೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು 'ವೆಂಚುರಿ ಪರಿಣಾಮ' (ಇಕ್ಕಟ್ಟಾದ ಕೊಳವೆಯಲ್ಲಿ ಹರಿವಿನ ವೇಗ ಏರುವುದು) ಎಂದು ಎರಡು ಪದ ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಪಾಲಕ್ಕಾಡ್ ಕಂಡಿಯ ಅಗಲ ಸುಮಾರು 30ರಿಂದ 40 ಕಿ.ಮೀ. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೈಮಲೈ. ಎರಡೂ 2,000 ಮೀಟರ್ ದಾಟುವ ಬೆಟ್ಟಗಳು. ಇಷ್ಟು ಅಗಲದ ಬಾಗಿಲನ್ನು ಕೊಳವೆಯ ಕುತ್ತಿಗೆ ಎಂದುಕೊಂಡರೆ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರ ನೆಡುವ ಜಾಗವೇ ತಪ್ಪುತ್ತದೆ.

ಮುಖ್ಯ ಕೆಲಸ ಒತ್ತಡದ ವ್ಯತ್ಯಾಸದ್ದು. ಮುಂಗಾರಿನಲ್ಲಿ ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿಯನ್ನು ಘಟ್ಟ ಪಡುವಣ ಮಗ್ಗುಲಲ್ಲಿ ತಡೆದು ನಿಲ್ಲಿಸುತ್ತದೆ. ಮೂಡಣದಲ್ಲಿ ಮಳೆನೆರಳಿನ ಕೊಯಮತ್ತೂರು ಬಯಲು ಕಾದಿರುತ್ತದೆ, ಒತ್ತಡ ಇಳಿದಿರುತ್ತದೆ. ಗಾಳಿ ಕಂಡಿಯುದ್ದಕ್ಕೂ ವೇಗ ಕೂಡಿಸಿಕೊಳ್ಳುತ್ತ ಹೋಗುವುದರಿಂದ ತೀರಾ ಇಕ್ಕಟ್ಟಾದ ಜಾಗಕ್ಕಿಂತ ಹೊರಬಾಯಿಯಲ್ಲೇ ಹೆಚ್ಚಾಗಿ ಬಿರುಸು. ನಕ್ಷೆ ತೆಗೆದು ನೋಡಿ: ಕೇರಳದ ಕಂಜಿಕೋಡಿನಲ್ಲಿ 1990ರ ದಶಕದಲ್ಲಿ ನಿಂತದ್ದು 225 ಕಿಲೋವ್ಯಾಟಿನ ಒಂಬತ್ತು ಯಂತ್ರ, ಒಟ್ಟು ಎರಡು ಮೆಗಾವ್ಯಾಟ್ ಚಿಲ್ಲರೆ. ದೊಡ್ಡ ಗುಂಪುಗಳಿರುವುದು ಕಂಡಿ ದಾಟಿದ ಮೇಲೆ, ಉಡುಮಲೈಪೇಟೆ, ಪಲ್ಲಡಂ, ಪೊಳ್ಳಾಚಿಯ ಬಯಲಿನಲ್ಲಿ. ಕನ್ಯಾಕುಮಾರಿ ಜಿಲ್ಲೆಯ ಆರಲ್ವಾಯ್‌ಮೊಳಿ ಕಂಡಿ ಇದಕ್ಕಿಂತ ಬಹಳ ಕಿರಿದು. ಅಲ್ಲೂ ಮುಪ್ಪಂದಲ್ ಇರುವುದು ಮೂಡಣ ಬಾಯಿಯಲ್ಲೇ. ಕ್ಯಾಲಿಫೋರ್ನಿಯಾದ ಸ್ಯಾನ್ ಗೊರ್ಗೊನಿಯೊ ಕಂಡಿಯಲ್ಲಿ ಯಂತ್ರಗಳು ಪಾಮ್ ಸ್ಪ್ರಿಂಗ್ಸ್ ಮರುಭೂಮಿಯ ಕಡೆ ಒತ್ತಾಗಿರುವುದಕ್ಕೂ ಇದೇ ಕಾರಣ.

ನಮ್ಮ ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಫ್ಯಾನುಗಳನ್ನು ಇದಕ್ಕೆ ಉದಾಹರಣೆ ಕೊಡಬೇಡಿ. ಅವು ಬೆಟ್ಟದ ನೆತ್ತಿಯ ಮೇಲೆ ಒಂದರ ಪಕ್ಕ ಒಂದು ನಿಂತವು. ಕಂಡಿಯ ಬಾಯಿಯ ಬಯಲಿನಲ್ಲಿ ಸಾಲಿನ ಹಿಂದೆ ಸಾಲು. ತೊಂದರೆ ಶುರುವಾಗುವುದು ಅಲ್ಲಿಂದ.

ಅಳತೆ

ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣ. ಗಾಳಿಯ ಸಾಂದ್ರತೆ 1.16 ಕೆ.ಜಿ./ಘನ ಮೀ. ಹಿಡಿದರೆ, 6 ಮೀ/ಸೆ ವೇಗದಲ್ಲಿ ಚದರ ಮೀಟರಿಗೆ 125 ವ್ಯಾಟ್. 8 ಮೀ/ಸೆ ಆದರೆ 297. ವೇಗ ಮೂರರಲ್ಲೊಂದು ಪಾಲು ಏರಿದ್ದಕ್ಕೆ ಶಕ್ತಿ ಎರಡೂ ಕಾಲು ಪಟ್ಟಿಗಿಂತ ಹೆಚ್ಚಾಯಿತು.

ಹಾಗಾಗಿ ವರ್ಷದ ಸರಾಸರಿ ವೇಗವೊಂದನ್ನೇ ನಂಬುವುದು ಕಂಡಿಯಲ್ಲಿ ದೊಡ್ಡ ಮೋಸ. ಲೆಕ್ಕಕ್ಕೆಂದು ನಾಲ್ಕು ತಿಂಗಳು 9 ಮೀ/ಸೆ, ಉಳಿದ ಎಂಟು ತಿಂಗಳು 4.5 ಮೀ/ಸೆ ಎಂದಿಟ್ಟುಕೊಳ್ಳಿ. ಸರಾಸರಿ 6. ಆದರೆ ಘನಗಳ ಸರಾಸರಿ 304, ಆರರ ಘನ ಬರೀ 216. ಗಾಳಿಯಲ್ಲಿದ್ದ ಶಕ್ತಿಯ ನೂರಕ್ಕೆ 80 ಪಾಲು ಆ ನಾಲ್ಕು ತಿಂಗಳದ್ದೇ. ಇಂಥ ಎರಡು ದಿಬ್ಬದ ದತ್ತಾಂಶಕ್ಕೆ ಒಂದೇ ವೈಬುಲ್ ರೇಖೆ (ಯಾವ ವೇಗ ಎಷ್ಟು ಹೊತ್ತು ಇರುತ್ತದೆ ಎಂದು ತೋರಿಸುವ ಒಂದೇ ದಿಬ್ಬದ ರೇಖೆ) ಹೊಂದಿಸಿದರೆ ಎರಡೂ ದಿಬ್ಬ ಸವೆದು ಸುಳ್ಳು ಉತ್ತರ ಬರುತ್ತದೆ. ಋತುವಾರು ಬೇರೆ ಮಾಡಿ ಹೊಂದಿಸಿ. ಅಳತೆಯ ಕಂಬ ಕನಿಷ್ಠ ಒಂದು ವರ್ಷ ನಿಲ್ಲಲೇಬೇಕು. ಜುಲೈಯಲ್ಲಿ ಅಳತೆ ಬರೆದಿಡುವ ಲಾಗರ್ ಎರಡು ವಾರ ಕೆಟ್ಟರೆ ಆದ ನಷ್ಟ, ಫೆಬ್ರವರಿಯಿಂದ ಎರಡು ತಿಂಗಳು ಕೆಟ್ಟದ್ದಕ್ಕಿಂತ ಹೆಚ್ಚು.

ಕಂಬದ ಮೇಲಿನ ಚಾಚುತೋಳುಗಳನ್ನು ನೋಡಿ. ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುವಲ್ಲಿ ವೇಗ ಅಳೆಯುವ ಬಟ್ಟಲು ಮಾಪಕದ ತೋಳನ್ನು ಮೂಡಣಕ್ಕೆ ಚಾಚಿದರೆ ಅದು ಕಂಬದ ಮರೆಯಲ್ಲೇ ತಿರುಗುತ್ತದೆ, ವೇಗ ಕಡಿಮೆ ತೋರಿಸುತ್ತದೆ. ಒಂದೇ ಎತ್ತರದಲ್ಲಿ ಬಡಗಣಕ್ಕೊಂದು, ತೆಂಕಣಕ್ಕೊಂದು ಮಾಪಕ ಇಡಿ. ಎರಡರ ಅನುಪಾತವನ್ನು ದಿಕ್ಕಿನೆದುರು ಗುರುತಿಸುತ್ತ ಹೋದರೆ ಕಂಬದ ನೆರಳು ಬೀಳುವ ಕೋನದಲ್ಲಿ ರೇಖೆ ತಟ್ಟನೆ ಕುಸಿಯುತ್ತದೆ. ಆ ಕುಸಿತ ಇರಬೇಕಾದ ಕೋನದಲ್ಲಿ ಇಲ್ಲದಿದ್ದರೆ ಗಾಳಿಯ ದಿಕ್ಕು ಹೇಳುವ ದಿಕ್ಸೂಚಿ ರೆಕ್ಕೆಯ ಉತ್ತರದ ಗುರುತು ತಪ್ಪಾಗಿ ಕೂತಿದೆ ಎಂದರ್ಥ.

ಎತ್ತರದ ಲೆಕ್ಕದಲ್ಲಿ ಇನ್ನೊಂದು ಗುಂಡಿ. 50 ಮೀಟರಿನ ಅಳತೆಯನ್ನು 120 ಮೀಟರಿಗೆ ಏರಿಸುವಾಗ ಎತ್ತರದೊಡನೆ ವೇಗ ಏರುವ ಪ್ರಮಾಣ ಹೇಳುವ ಪುಸ್ತಕದ ಘಾತಾಂಕ 0.14 ಹಾಕಿದರೆ ವೇಗ 13% ಕೂಡುತ್ತದೆ, 0.20 ಹಾಕಿದರೆ 19%. ಕಂಡಿಯ ಗಾಳಿ ನೆಲಕ್ಕೊತ್ತಿ ಹರಿಯುವ ಹೊತ್ತಿನಲ್ಲಿ ಏರಿಕೆ ಇವೆರಡಕ್ಕಿಂತ ಕಡಿಮೆ ಇರಬಹುದು. ಮೂರು ಎತ್ತರಗಳಲ್ಲಿ ಅಳೆದು ಘಾತಾಂಕವನ್ನು ಆ ಜಾಗದಿಂದಲೇ ತೆಗೆಯಿರಿ.

ಸಾಲುಗಳ ನಡುವಿನ ದೂರ

ತಮಿಳುನಾಡಿನಲ್ಲಿ ಬಹುಕಾಲ ನಡೆದ ನಿಯಮ: ಗಾಳಿಗೆ ಅಡ್ಡಲಾಗಿ ಚಕ್ರವ್ಯಾಸದ (ರೆಕ್ಕೆಗಳು ಬಳಸುವ ವೃತ್ತದ ಅಡ್ಡಳತೆಯ) 5 ಪಟ್ಟು, ಗಾಳಿಯ ಹಾದಿಯಲ್ಲಿ 7 ಪಟ್ಟು ಅಂತರ. ದಿಕ್ಕು ಬದಲಾಗುತ್ತಿರುವ ಜಾಗಕ್ಕೆ ಇದು ಸರಿ. ಋತುವಿಡೀ ಒಂದೇ ದಿಕ್ಕಿನಿಂದ ಬೀಸುವಲ್ಲಿ ಹಿಂದಿನ ಸಾಲಿಗೆ ಸಿಗುವುದು ಮುಂದಿನ ಯಂತ್ರ ಹೀರಿ ಬಿಟ್ಟ ಸೊರಗಿದ ಗಾಳಿ, ಅಂದರೆ ವೇಕ್. ವೇಕ್ ದೂರ ಹೋದಂತೆ ಹೇಗೆ ಕರಗುತ್ತದೆ ಎಂದು ಲೆಕ್ಕ ಹಾಕುವ ಜೆನ್ಸನ್ ಮಾದರಿಯಲ್ಲಿ ಒತ್ತುಬಲದ ಗುಣಾಂಕ (ಚಕ್ರ ಗಾಳಿಯನ್ನು ತಡೆಯುವ ಪ್ರಮಾಣ) 0.8, ವೇಕ್‌ನ ಹರಡುವಿಕೆ 0.075 ಹಾಕಿ ನೋಡಿ. ನೇರ ಬೆನ್ನಿಗೆ 5 ಪಟ್ಟು ದೂರದಲ್ಲಿ ನಿಂತರೆ ವೇಗ 18% ಇಳಿದು ಶಕ್ತಿ 45% ಹೋಗುತ್ತದೆ. 7 ಪಟ್ಟಿನಲ್ಲಿ 35%. 10 ಪಟ್ಟಿನಲ್ಲೂ 24%. ಗಾಳಿ ತುಂಬ ಬಿರುಸಾಗಿ ಯಂತ್ರ ಪೂರ್ಣ ಸಾಮರ್ಥ್ಯಕ್ಕೆ ಮುಟ್ಟಿದ ಮೇಲೆ ಈ ನಷ್ಟ ಕರಗುತ್ತದೆ, ಅದು ಬೇರೆ ಮಾತು.

ಆದ್ದರಿಂದ ಕಂಡಿಯಲ್ಲಿ ಅಡ್ಡ ಅಂತರವನ್ನು 3 ಪಟ್ಟಿಗೆ ಇಳಿಸಿ, ಉಳಿದ ಜಾಗವನ್ನೆಲ್ಲ ಉದ್ದದ ಅಂತರಕ್ಕೆ ಕೊಡುವುದೇ ಜಾಣತನ. ಹಿಂದಿನ ಸಾಲನ್ನು ಮುಂದಿನ ಸಾಲಿನ ಸಂದಿಗೆ ಸರಿಯಾಗಿ ನಿಲ್ಲಿಸಬೇಕು. ಇಲ್ಲಿ ದಿಕ್ಸೂಚಿಯ ತಪ್ಪು ಮತ್ತೆ ಕಾಡುತ್ತದೆ: 10 ಡಿಗ್ರಿ ತಪ್ಪಿದ್ದರೆ 7 ಪಟ್ಟು ದೂರದಲ್ಲಿ ವೇಕ್‌ನ ನಡುಗೆರೆ ವ್ಯಾಸದ ಒಂದೂಕಾಲು ಪಟ್ಟು ಪಕ್ಕಕ್ಕೆ ಬೀಳುತ್ತದೆ. ಕಾಗದದ ಮೇಲೆ ಸಂದಿಯಲ್ಲಿದ್ದ ಯಂತ್ರ ನೆಲದ ಮೇಲೆ ಇನ್ನೊಂದರ ಬೆನ್ನಿಗೆ ಬಂದಿರುತ್ತದೆ.

ಕಟ್ಟುವ ಕಾಲ

ಕ್ಯಾಲೆಂಡರನ್ನು ಗಾಳಿಯೇ ಬರೆಯುತ್ತದೆ. ಚಕ್ರ ಎತ್ತುವಾಗ ಗಾಳಿ ಸುಮಾರು 8ರಿಂದ 10 ಮೀ/ಸೆ ದಾಟಿದರೆ ಕ್ರೇನ್ ಕೆಲಸ ನಿಲ್ಲಿಸಬೇಕು. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತುವ ಕೆಲಸದ ಆಸೆ ಬಿಡಿ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ, ಅಗೆದ ಗುಂಡಿಯಲ್ಲಿ ನೀರು. ಡಿಸೆಂಬರ್, ಜನವರಿಯಲ್ಲಿ ಪಾಯ; ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಟವರ್, ನಸೆಲ್ (ಟವರಿನ ತುದಿಯಲ್ಲಿ ಜನರೇಟರ್ ಇರುವ ಗೂಡು), ರೆಕ್ಕೆ. ಎರಡು ಮೂರು ಮೆಗಾವ್ಯಾಟಿನ ಯಂತ್ರದ ಪಾಯಕ್ಕೆ 400 ಘನ ಮೀಟರಿನ ಆಸುಪಾಸು ಕಾಂಕ್ರೀಟ್ ಬೇಕು, ಅಷ್ಟನ್ನೂ ನಿಲ್ಲಿಸದೆ ಸುರಿಯಬೇಕು. ಮಿಕ್ಸರ್ ಲಾರಿ ನಡುವೆ ಕೆಟ್ಟು ಮೇಲ್ಪದರ ಗಟ್ಟಿಯಾದರೆ ಕೋಲ್ಡ್ ಜಾಯಿಂಟ್ (ಹಳೆಯ, ಹೊಸ ಪದರ ಒಂದಾಗದ ಗೆರೆ) ಬೀಳುತ್ತದೆ, ಮುಂದೆ ಬಿರುಕು ಬಿಡುವುದು ಅಲ್ಲಿಂದಲೇ. ಏಪ್ರಿಲ್ ತಪ್ಪಿತೆಂದರೆ ಒಂದು ಗಾಳಿಯ ಋತುವೇ ಕೈತಪ್ಪಿದಂತೆ.

ವಿದ್ಯುತ್ ಜಾಲದ್ದು ಇದರ ಬೆನ್ನಿನ ಸಮಸ್ಯೆ. ಕಂಡಿಯ ಯಂತ್ರಗಳೆಲ್ಲ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ತಂತಿ, ಸಬ್‌ಸ್ಟೇಷನ್ ಸಾಲದಿದ್ದರೆ ಗಾಳಿ ಇರುವಾಗಲೇ ಯಂತ್ರ ನಿಲ್ಲಿಸಲು ಆದೇಶ ಬರುತ್ತದೆ. ಹಳೆಯ 225, 250 ಕಿಲೋವ್ಯಾಟಿನ ಇಂಡಕ್ಷನ್ ಜನರೇಟರುಗಳು ಜಾಲದಿಂದಲೇ ರಿಯಾಕ್ಟಿವ್ ಪವರ್ (ಅವುಗಳ ಕಾಂತಕ್ಷೇತ್ರಕ್ಕೆ ಬೇಕಾದ, ಕೆಲಸ ಮಾಡದ ವಿದ್ಯುತ್) ಎಳೆಯುತ್ತವೆ. ಅದನ್ನು ಅಲ್ಲೇ ಒದಗಿಸುವ ಕೆಪಾಸಿಟರ್ ಕೆಟ್ಟಿದ್ದರೆ ಗಾಳಿ ಹೆಚ್ಚಿದಷ್ಟೂ ಲೈನಿನ ಕೊನೆಯಲ್ಲಿ ವೋಲ್ಟೇಜ್ ಕುಸಿದು, ಕಡೆಗೆ ಯಂತ್ರಗಳು ಟ್ರಿಪ್ ಆಗುತ್ತವೆ.

ಒಂದೇ ದಿಕ್ಕಿನ ಗಾಳಿ ಕೊಡುವ ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದು ಟವರಿನ ತುದಿಯಲ್ಲಿ. ನಸೆಲನ್ನು ಗಾಳಿಗೆ ತಿರುಗಿಸುವ ಯಾ ಉಂಗುರದ ಹಲ್ಲುಗಳಲ್ಲಿ ಪಡುವಣ ದಿಕ್ಕಿಗೆ ಕೆಲಸ ಮಾಡುವ ಕೆಲವೇ ಹಲ್ಲು ಸವೆದು ಹೊಳೆಯುತ್ತಿರುತ್ತವೆ. ಉಳಿದವು ಗ್ರೀಸ್ ಮೆತ್ತಿಕೊಂಡು ಹೊಸದರಂತೆ ಇರುತ್ತವೆ. ತಪಾಸಣೆಗೆ ಹತ್ತಿದವರು ಕೈಗೆ ಸಿಕ್ಕ ಹಲ್ಲನ್ನು ಅಳೆದು 'ಸರಿಯಿದೆ' ಎಂದು ಬರೆದರೆ ಆ ವರದಿಗೆ ಬೆಲೆ ಇಲ್ಲ. ಹಲ್ಲುಸಂದಿನ ಅಂತರವನ್ನು ನಸೆಲ್ ಪಡುವಣಕ್ಕೆ ಮುಖ ಮಾಡಿ ನಿಂತಾಗಲೇ ಅಳೆಯಬೇಕು, ಅದೂ ಏಪ್ರಿಲ್ ಮುಗಿಯುವ ಮುನ್ನ.