ಅಭಿಯೋಜಕರಿಗೆ ಮೂರನೆಯ ಅವಧಿ ಬೇಕೆ?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ದೊಡ್ಡ ಹುದ್ದೆಗಳ ಹೆಸರುಗಳನ್ನೆಲ್ಲ ದಾಟಿ ಕೆಳಗೆ ಬಂದರೆ ಕೆಲವೊಮ್ಮೆ ಅಲ್ಲಿ ಇಂಥದೊಂದು ಪ್ರಶ್ನೆ ಇರುತ್ತದೆ: ಈ ನ್ಯಾಯಿಕ ಜಿಲ್ಲೆಯ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸುವ ಮುಖ್ಯ ಅಭಿಯೋಜಕರು) ಸತತ ಎರಡರ ಬದಲು ಮೂರು ಅವಧಿ ಅಧಿಕಾರದಲ್ಲಿರಬಹುದೇ? ಮತದಾರರು ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು.

ಪಬ್ಲಿಕ್ ಪ್ರಾಸಿಕ್ಯೂಟರ್ ಎಂದರೆ ಸರ್ಕಾರ ನೇಮಿಸಿದ ವಕೀಲರು ಎಂದೇ ತಿಳಿದಿರುವ ನಮಗೆ, ಅವರು ಮತ ಕೇಳಿಕೊಂಡು ಮನೆ ಬಾಗಿಲಿಗೆ ಬರುವುದು ಊಹೆಗೂ ನಿಲುಕದ ಸಂಗತಿ. ಅಮೆರಿಕದಲ್ಲಿ ಈ ಪದ್ಧತಿಯನ್ನು 1832ರಲ್ಲಿ ಮಿಸಿಸಿಪ್ಪಿ ರಾಜ್ಯ ತನ್ನ ಸಂವಿಧಾನದ ಮೂಲಕ ಆರಂಭಿಸಿತು. ಇಂದು ಅಲಾಸ್ಕಾ, ಕನೆಕ್ಟಿಕಟ್, ನ್ಯೂಜೆರ್ಸಿಯಂಥ ಬೆರಳೆಣಿಕೆಯ ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ಸ್ಥಳೀಯ ಅಭಿಯೋಜಕರನ್ನು ಜನರೇ ಆರಿಸುತ್ತಾರೆ. ಯಾರ ಮೇಲೆ ಯಾವ ಆರೋಪ ಹೊರಿಸಬೇಕು, ಯಾವುದನ್ನು ಕೈಬಿಡಬೇಕು, ತಪ್ಪೊಪ್ಪಿಕೊಂಡವರಿಗೆ ಎಷ್ಟು ರಿಯಾಯಿತಿ ಕೊಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಈ ಕಚೇರಿಯೇ. ರಾಜ್ಯ ನ್ಯಾಯಾಲಯಗಳಲ್ಲಿ ಶೇ. 94ರಷ್ಟು ಶಿಕ್ಷೆಗಳು ತಪ್ಪೊಪ್ಪಿಗೆಯಿಂದಲೇ ಬರುತ್ತವೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಹೇಳಿತ್ತು. ಅಂದರೆ ಬಹುಪಾಲು ಪ್ರಕರಣಗಳು ಜ್ಯೂರಿಯವರೆಗೆ ಹೋಗುವುದೇ ಇಲ್ಲ, ಅಭಿಯೋಜಕರ ಮೇಜಿನ ಮೇಲೆಯೇ ಮುಗಿದುಹೋಗುತ್ತವೆ.

ಕೊಲರಾಡೊದ ಮತದಾರರು 1994ರಲ್ಲಿ ಸ್ಥಳೀಯ ಚುನಾಯಿತ ಹುದ್ದೆಗಳಿಗೆ ಸತತ ಎರಡು ಅವಧಿಗಳ, ಅಂದರೆ ಅಭಿಯೋಜಕರ ಲೆಕ್ಕದಲ್ಲಿ ಎಂಟು ವರ್ಷಗಳ, ಮಿತಿ ಹಾಕಿದರು. ಬೇಕೆನಿಸಿದರೆ ಆಯಾ ಪ್ರದೇಶದವರು ಅದನ್ನು ಸಡಿಲಿಸಿಕೊಳ್ಳಲು ದಾರಿಯನ್ನೂ ಬಿಟ್ಟರು. ಅಭಿಯೋಜಕರನ್ನು ಇಡಿಯಾಗಿ ಈ ಮಿತಿಯಿಂದ ಹೊರಗಿಡುವ ಪ್ರಸ್ತಾವ 2002ರಲ್ಲಿ ರಾಜ್ಯದಾದ್ಯಂತ ಮತಕ್ಕೆ ಬಂದು ಸೋತಿತು. ಅಲ್ಲಿಂದಾಚೆಗೆ ಮಿತಿ ಬೇಡವೆನ್ನುವವರಿಗೆ ಉಳಿದದ್ದು ಜಿಲ್ಲೆ ಜಿಲ್ಲೆಯಲ್ಲಿ ಮತ ಕೇಳುವ ದಾರಿಯೊಂದೇ.

ವಿಸ್ತರಣೆ ಕೇಳುವವರ ವಾದ ಹಗುರವಾದದ್ದಲ್ಲ. ಮ್ಯಾನ್‌ಹಾಟನ್‌ನ ಡಿಸ್ಟ್ರಿಕ್ಟ್ ಅಟಾರ್ನಿ ರಾಬರ್ಟ್ ಮಾರ್ಗೆಂಥಾ 1975ರಿಂದ 2009ರವರೆಗೆ ಅದೇ ಕುರ್ಚಿಯಲ್ಲಿದ್ದರು. ಬಿಸಿಸಿಐ ಎಂಬ ಅಂತರರಾಷ್ಟ್ರೀಯ ಬ್ಯಾಂಕಿನ ಮೇಲೆ ಅವರ ಕಚೇರಿ 1989ರಲ್ಲಿ ಶುರುಮಾಡಿದ ತನಿಖೆ ದೋಷಾರೋಪದ ಹಂತಕ್ಕೆ ಬಂದದ್ದು 1991ರ ಜುಲೈನಲ್ಲಿ. ಹಲವು ದೇಶಗಳಲ್ಲಿ ಹರಡಿದ್ದ ಲೆಕ್ಕಪತ್ರಗಳ ಬೆನ್ನು ಹತ್ತುವ ಇಂಥ ಕೆಲಸವನ್ನು, ಮುಂದಿನ ವರ್ಷ ಮನೆಗೆ ಹೋಗುವವರು ಕೈಗೆತ್ತಿಕೊಳ್ಳುವ ಸಂಭವ ಕಡಿಮೆ.

ಆದರೆ ಸಂಶೋಧಕರು ಅಂಕಿಅಂಶ ಕಲೆಹಾಕಿದಾಗ ಕಂಡದ್ದು ಬೇರೆಯೇ ಚಿತ್ರ. ಕಾನೂನು ಪ್ರಾಧ್ಯಾಪಕ ರೊನಾಲ್ಡ್ ರೈಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮತ್ತೆ ಸ್ಪರ್ಧಿಸುವ ಹಾಲಿ ಅಭಿಯೋಜಕರಲ್ಲಿ ಶೇ. 95ರಷ್ಟು ಮಂದಿ ಗೆಲ್ಲುತ್ತಾರೆ, ಶೇ. 85ರಷ್ಟು ಸಲ ಎದುರಾಳಿಯೇ ಇರುವುದಿಲ್ಲ. ಎದುರು ನಿಲ್ಲಬಲ್ಲವರು ಅದೇ ಊರಿನ ವಕೀಲರು ತಾನೇ. ಸೋತರೆ ಮರುದಿನದಿಂದ ಅದೇ ಅಭಿಯೋಜಕರ ಮುಂದೆಯೇ ತಮ್ಮ ಕಕ್ಷಿದಾರರ ಪರವಾಗಿ ರಿಯಾಯಿತಿ ಕೇಳಬೇಕು. ಹೀಗಿರುವಾಗ ಹುದ್ದೆ ಖಾಲಿಯಾಗುವವರೆಗೆ ನಿಜವಾದ ಸ್ಪರ್ಧೆ ಏರ್ಪಡುವುದು ಕಷ್ಟ, ಆ ಹುದ್ದೆಯನ್ನು ಖಾಲಿ ಮಾಡಿಸುವುದು ಅವಧಿಯ ಮಿತಿ.

ಸ್ಪರ್ಧೆಯಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಉತ್ತರ ಕ್ಯಾರೊಲಿನಾದ ಪ್ರಕರಣಗಳನ್ನು ಪರಿಶೀಲಿಸಿದ ಸಿದ್ಧಾರ್ಥ ಬಂದ್ಯೋಪಾಧ್ಯಾಯ ಮತ್ತು ಬ್ರಯಾನ್ ಮೆಕ್ಯಾನನ್, ಮರುಚುನಾವಣೆಯ ಒತ್ತಡವಿದ್ದಾಗ ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಮುಗಿಯುವ ಬದಲು ಜ್ಯೂರಿಯ ಮುಂದೆ ಹೋಗಿ ಶಿಕ್ಷೆಯಾಗುವ ಪ್ರಕರಣಗಳ ಪಾಲು ಹೆಚ್ಚುವುದನ್ನು ಗುರುತಿಸಿದರು. ಗೆದ್ದ ಕೇಸು ಎಲ್ಲರ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ಮಾಡಿಕೊಂಡ ನ್ಯಾಯವಾದ ಒಪ್ಪಂದಕ್ಕೆ ಪ್ರಚಾರವೆಲ್ಲಿಯದು? ಕೊನೆಯ ಅವಧಿಯಲ್ಲಿರುವವರಿಗೆ ಈ ಆಮಿಷವಿಲ್ಲ. ಹಾಗೆಯೇ ಮತದಾರರ ಭಯವೂ ಇಲ್ಲ. ಅಮೆರಿಕದ ಗವರ್ನರ್‌ಗಳ ಕುರಿತು 1995ರಲ್ಲಿ ಬರೆದ ಟಿಮೊತಿ ಬೆಸ್ಲಿ ಮತ್ತು ಆನ್ ಕೇಸ್, ಮತ್ತೆ ಸ್ಪರ್ಧಿಸಲಾಗದವರ ತೆರಿಗೆ ಮತ್ತು ವೆಚ್ಚದ ನಿರ್ಧಾರಗಳು ಉಳಿದವರಿಗಿಂತ ಭಿನ್ನವಾಗಿರುವುದನ್ನು ತೋರಿಸಿದ್ದರು. ಹಾಗಾಗಿ ಎಂಟು ವರ್ಷದ ಮಿತಿಯನ್ನು ಹನ್ನೆರಡಕ್ಕೆ ಏರಿಸಿದರೆ ಕೊನೆಯ ಅವಧಿಯ ಸಮಸ್ಯೆ ನಾಲ್ಕು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಬದಲಾಗುವುದು, ಎದುರಾಳಿಯಿಲ್ಲದ ಇನ್ನೊಂದು ಚುನಾವಣೆ ನಡೆಯುವ ಸಾಧ್ಯತೆ. ನನಗೆ ವಿಸ್ತರಣೆಯ ಬಗ್ಗೆ ಅನುಮಾನ ಹುಟ್ಟುವುದು ಇಲ್ಲಿಯೇ.

ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಹನ್ನೆರಡು ವರ್ಷಗಳದೇ ಮಿತಿ ಇತ್ತು. 2002ರಲ್ಲಿ ಅಧಿಕಾರಕ್ಕೆ ಬಂದ ಅಲ್ಲಿನ ಡಿಸ್ಟ್ರಿಕ್ಟ್ ಅಟಾರ್ನಿ ಥಾಮಸ್ ಸ್ಪೋಟಾ 2013ರಲ್ಲಿ ನಾಲ್ಕನೆಯ ಅವಧಿಗೆ ನಿಂತಾಗ ವಿವಾದ ಕೋರ್ಟ್ ಮೆಟ್ಟಿಲೇರಿತು. ಡಿಸ್ಟ್ರಿಕ್ಟ್ ಅಟಾರ್ನಿಯ ಹುದ್ದೆ ರಾಜ್ಯದ ಕಾನೂನಿನ ವ್ಯಾಪ್ತಿಗೆ ಸೇರಿದ್ದು, ಅದಕ್ಕೆ ಮಿತಿ ಹಾಕುವ ಅಧಿಕಾರ ಕೌಂಟಿಗಿಲ್ಲ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ಅದು ಒಪ್ಪಬಹುದಾದ ತರ್ಕ. ಸ್ಪೋಟಾ ಗೆದ್ದರು. ಅಷ್ಟರಲ್ಲಾಗಲೇ, 2012ರ ಡಿಸೆಂಬರ್‌ನಲ್ಲಿ, ಕೌಂಟಿಯ ಪೊಲೀಸ್ ಮುಖ್ಯಸ್ಥರು ಬೇಡಿ ತೊಡಿಸಿದ್ದ ಬಂಧಿತನೊಬ್ಬನನ್ನು ಠಾಣೆಯಲ್ಲಿ ಥಳಿಸಿದ್ದರು. ಅದನ್ನು ಮುಚ್ಚಿಹಾಕಲು ನಡೆದ ಯತ್ನದಲ್ಲಿ ಸ್ಪೋಟಾ ಪಾಲುದಾರರೆಂದು 2017ರಲ್ಲಿ ಆರೋಪ ಹೊರಿಸಲಾಯಿತು, 2019ರಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು, 2021ರಲ್ಲಿ ಐದು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅವರ ಮೇಲೆ ಮೊಕದ್ದಮೆ ನಡೆಸಿದವರು ಫೆಡರಲ್ ಅಭಿಯೋಜಕರು. ಅವರು ಚುನಾಯಿತರಲ್ಲ, ನೇಮಕಗೊಂಡವರು.