ಬಿಸಿಯಿಂದ ಬಿಸಿ ಹೆಚ್ಚಾಗ್ತದ ಅಂದ್ರ ಅದು ನಿಲ್ಲೋದು ಎಲ್ಲಿ?

"ಬಿಸಿಲಿಗೆ ನೆಲ ಒಣಗ್ತದ, ನೆಲ ಒಣಗಿದ್ರ ಇನ್ನಷ್ಟು ಬಿಸಿ ಆಗ್ತದ ಅಂತೀರಿ, ಹಂಗ ತಿರುಗ್ತಾ ತಿರುಗ್ತಾ ಇದು ಎಲ್ಲಿಗೆ ಹೋಗಿ ಮುಟ್ತದ ಸರ? ಎಕ್ಸೆಲ್‌ನ್ಯಾಗ ಹಾಕಿದ್ರ ಸರ್ಕ್ಯುಲರ್ ರೆಫರೆನ್ಸ್ (ಲೆಕ್ಕ ಸುತ್ತಿ ಮತ್ತ ತನ್ನನ್ನೇ ಕೇಳ್ತದ) ಅಂತ ಎರರ್ ಬರ್ತದ."

ಪರಿಸರದ ಮಾಡೆಲ್, ಅಂದ್ರ ಲೆಕ್ಕದ ಮಾದರಿ, ಮಾಡಾಕ ಕುಂತವರೆಲ್ಲಾ ಕೇಳೋದು ಇದನ್ನೇ. ನಮ್ಮ ರಾಯಚೂರು ಕಡಿ ಎರಿ ಹೊಲಾನೇ ತಗೊಳ್ರಿ. ಹಸಿ ಇರೋತನಕ ಬಿಸಿಲಿನ ಶಕ್ತಿ ಬಹಳಷ್ಟು ನೀರು ಆವಿ ಮಾಡೋದ್ರಾಗೇ ಹೋಗ್ತದ, ಒಂದು ಲೀಟರ್‌ಗೆ ಸುಮಾರು 2,400 ಕಿಲೋಜೌಲ್ ಬೇಕು, ಕಮ್ಮಿ ಏನಲ್ಲ. ಹಸಿ ಇಳಿದಂಗ ಅದೇ ಶಕ್ತಿ ಮಣ್ಣು, ಗಾಳಿ ಕಾಯಿಸ್ತದ, ಕಾದ ಗಾಳಿ ಉಳಿದ ಹಸಿನೂ ಎಳಕೊಳ್ತದ, ಏಪ್ರಿಲ್ ಬರೋದ್ರಾಗ ಹೊಲದ ತುಂಬ ಬಿರುಕು. ಆದ್ರ ಎಳಕೊಳ್ಳಾಕ ಹಸಿನೇ ಇಲ್ಲಂದ್ಮ್ಯಾಲ ಆ ಸುತ್ತು ಅಲ್ಲಿಗೇ ಖಲಾಸ್. ಮತ್ತ ಕಾದ ನೆಲ ಸುಮ್ನ ಕುಂದ್ರಂಗಿಲ್ಲ, ಕಾದಷ್ಟೂ ಶಾಖ ಹೊರಗ ಚೆಲ್ತದ, ಇದು ಉಲ್ಟಾ ಸುತ್ತು, ಯಾವಾಗ್ಲೂ ನಡದೇ ಇರ್ತದ. (ಗಂಗಾವತಿ ಕಡಿ ಭತ್ತದ ಗದ್ದಿ ನಡುವ ಮಧ್ಯಾಹ್ನ ಅಷ್ಟು ಸುಡಂಗಿಲ್ಲ, ಶೆಕಿ ಮಾತ್ರ ಜೀವ ತಿಂತದ.)

ಇಡೀ ಭೂಮಿಗೆ ಲೆಕ್ಕ ಹಾಕಿದ್ರೂ ಹಿಂಗೇ. ಗಾಳಿಯಾಗಿನ ಕಾರ್ಬನ್ ಡೈಆಕ್ಸೈಡ್ ಎರಡರಷ್ಟಾದ್ರ ಬ್ಯಾರೆ ಏನೂ ಬದಲಾಗದಿದ್ರ ಸುಮಾರು 1.2 ಡಿಗ್ರಿ ಏರ್ತದ. ಆ ಬಿಸಿಗೆ ನೀರಾವಿ ಹೆಚ್ಚು, ಹಿಮ ಕಮ್ಮಿ, ಮೋಡನೂ ಬದಲು, ಎಲ್ಲಾ ಕೂಡಿ ಪ್ರತಿ ಸುತ್ತಿಗೂ ಹಿಂದಿನದ್ರ 0.6 ಪಟ್ಟು ವಾಪಸ್ ಸೇರ್ತದ ಅಂತ ಇಟ್ಕೊಳ್ರಿ: 1.2, ಆಮ್ಯಾಲ 0.72, ಆಮ್ಯಾಲ 0.43... ಸಣ್ಣಾಗ್ತಾ ಹೋಗಿ ಒಟ್ಟು 3ಕ್ಕ ನಿಲ್ತದ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಾಗ ಕೊಟ್ಟ ಅಂದಾಜೂ 3 ಡಿಗ್ರಿನೇ, ಬಹುತೇಕ 2.5ರಿಂದ 4ರೊಳಗ. ಅದೇ 0.6ನ್ನ 0.7 ಮಾಡಿ ನೋಡ್ರಿ, ಸೀದಾ 4. 0.5 ಮಾಡಿದ್ರ 2.4 ಅಷ್ಟೇ. ವಿಜ್ಞಾನಿಗಳು ಮೋಡದ ಬೆನ್ನು ಬಿದ್ದಿರೋದು ಇದಕ್ಕೇ, ಆ 0.6 ಅನ್ನೋ ನಂಬರ್‌ನ್ಯಾಗ ಹೆಚ್ಚು ಗೊಂದಲ ಇರೋದು ಅಲ್ಲೇ. ಆ ನಂಬರ್ 1 ಮುಟ್ಟಿದ್ರ ಮಾತ್ರ ಸುತ್ತು ನಿಲ್ಲಂಗಿಲ್ಲ.

ಇನ್ನ ಎಕ್ಸೆಲ್ ಎರರ್. ಇವತ್ತಿನ ಬಿಸಿಗೆ ಇವತ್ತಿನ ಹಸಿ, ಇವತ್ತಿನ ಹಸಿಗೆ ಇವತ್ತಿನ ಬಿಸಿ ಅಂತ ಕೊಟ್ರ ಅದರ ಪಾಡೇನು ಪಾಪ. ನಿನ್ನೆಯ ಹಸಿಯಿಂದ ಇವತ್ತಿನ ಬಿಸಿ ತಗೀರಿ, ಆ ಬಿಸಿಯಿಂದ ಇವತ್ತಿನ ಹಸಿ, ಹಂಗ ಒಂದೊಂದು ಸಾಲು ಕೆಳಗ ಇಳೀರಿ. ಒಂದು ಸಾಲಿಗೆ ಒಂದು ದಿನ ಇಡ್ರಿ, ತಿಂಗಳು ಇಟ್ರ ಒಂದೇ ಸಾಲಿನ್ಯಾಗ ತಿಂಗಳಷ್ಟು ಆವಿ ಕಳದು, ಇಲ್ಲದ ನೀರೂ ಆವಿ ಆಗಿ ಹಸಿ ಮೈನಸ್‌ಗೆ ಹೋಗಬಹುದು.